ಹದಿನೈದು ದಿನಕ್ಕೊಂದು ಸರದಿ

ಫೆಬ್ರುವರಿ 28, ಶುಕ್ರವಾರ

ಅಮ್ಮಾ,

ನಾನು ನಿನಗೆ ಬರೆದು ಕಳಿಸಿದ್ದ ಟೈಮ್‌ಟೇಬಲ್ ಸುಳ್ಳು.

ಬೆಳಿಗ್ಗೆ ಆರರಿಂದ ಎಂಟು ಓದು, ಎಂಟೂವರೆಗೆ ಶಾಲೆ, ಸಂಜೆ ಐದರಿಂದ ಏಳು ಮತ್ತೆ ಓದು, ಗುರುವಾರ ಮಾತ್ರ ಏಳರಿಂದ ಏಳೂಮುಕ್ಕಾಲು ಆಟ. ಸ್ಕೇಲು ಇಟ್ಟು ಗೆರೆ ಎಳೆದು, 'ಆಟ' ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಆ ಹಾಳೆಯಲ್ಲಿ ನಿಜವಾದದ್ದು ಕೆಂಪು ಶಾಯಿ ಒಂದೇ. ನಾನು ಶಾಲೆ ಬಿಟ್ಟು ಹನ್ನೊಂದು ತಿಂಗಳಾಯಿತು.

ಈಗ ನೀನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿರುತ್ತೀಯ. ಒರೆಸಿಕೊಂಡು ಮುಂದೆ ಓದು.

ಎರಡು ವರ್ಷದ ಹಿಂದೆ ಆ ದ್ವೀಪದ ಹವಾಮಾನ ಕೇಂದ್ರಕ್ಕೆ ಹೊರಡುವಾಗ ನೀನು ಹೇಳಿದ್ದು ನನಗೆ ಬಾಯಿಪಾಠ. "ಅಲ್ಲಿ ಫೋನ್ ಸಿಗಲ್ಲ ಬುಗುರಿ. ವಯರ್‌ಲೆಸ್‌ನಲ್ಲಿ ಗಾಳಿ, ಉಷ್ಣಾಂಶ ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ. ಶನಿವಾರದ ದೋಣಿ ಒಂದೇ ಗತಿ. ಕಂಪ್ಯೂಟರಿನ ನಮ್ಮ ರಾಜರ ಆಟಾನ ಪೆನ್‌ಡ್ರೈವ್‌ಗೆ ಹಾಕಿ ಕಳಿಸು, ನನ್ನ ಸರದಿ ಆಡಿ ಮುಂದಿನ ಶನಿವಾರ ವಾಪಸ್ ಕಳಿಸ್ತೀನಿ. ಆದ್ರೆ ಓದು ಕೆಟ್ಟರೆ ಆಟ ಬಂದ್." ಅದಕ್ಕೇ ಟೈಮ್‌ಟೇಬಲ್ ಬೇಕಾಯಿತು. ನಿನ್ನ ಬೈಗುಳಕ್ಕೆ ನಾನು ಹೆದರುವವಳಲ್ಲ. ಆಟ ನಿಂತರೆ ಪತ್ರವೂ ತೆಳುವಾಗುತ್ತದೆ ಎಂದು ಹೆದರಿದೆ.

ಕಾರಣ ದೊಡ್ಡದೇನೂ ಅಲ್ಲ. ಯಾರೂ ಹೊಡೆಯಲಿಲ್ಲ, ಫೇಲೂ ಆಗಲಿಲ್ಲ. ನಮ್ಮ ಕ್ಲಾಸಿನ ಕಿಟಕಿಯ ಎದುರಿನ ಕಟ್ಟಡಕ್ಕೆ ಲಿಫ್ಟು ಕೂರಿಸುತ್ತಿದ್ದರು. ಮೂರು ತಿಂಗಳು ನಾನು ಕರಿಹಲಗೆ ನೋಡಲಿಲ್ಲ, ಅದನ್ನೇ ನೋಡಿದೆ. ಕೊನೆಗೊಂದು ದಿನ ರಸ್ತೆ ದಾಟಿ ಹೋಗಿ ಮೇಸ್ತ್ರಿಯನ್ನು ಕೇಳಿದೆ, "ಹಳಿ ನೆಟ್ಟಗಿದೆ ಅಂತ ಹೇಗೆ ಗೊತ್ತಾಗುತ್ತೆ?" ಅವರು, "ಹೋಗಮ್ಮ, ಬೆಲ್ ಹೊಡೀತು" ಎಂದರು. ಮರುದಿನವೂ ಕೇಳಿದೆ. ಒಂಬತ್ತನೇ ದಿನ ಕೈಗೆ ತೂಕದ ಗುಂಡು ಕಟ್ಟಿದ ದಾರ ಕೊಟ್ಟು, "ಹಿಡ್ಕೋ, ಅಲ್ಲಾಡಬೇಡ" ಎಂದರು. ನಲವತ್ತು ನಿಮಿಷ ಅಲ್ಲಾಡದೆ ನಿಂತೆ. ನನ್ನ ಜನ್ಮದಲ್ಲಿ ಅದೇ ಮೊದಲು. ಶಾಲೆ ಬಿಟ್ಟು ಅವರ ಕೈಕೆಳಗೇ ಲಿಫ್ಟಿನ ಕೆಲಸಕ್ಕೆ ಸೇರಿಕೊಂಡೆ.

ಈಗ ಹೇಳುತ್ತಿರುವುದಕ್ಕೆ ಒಂದು ಕಾರಣವಿದೆ. ಜೊತೆಗಿರುವ ಫಾರಂ ನೋಡು. ಲಿಫ್ಟು ಏರಿಳಿಯುವ ಬಾವಿಯಂಥ ಗೂಡಿಗೆ ಶಾಫ್ಟು ಅನ್ನುತ್ತೇವೆ. ತರಬೇತಿಗೆ ಹೆಸರು ನೋಂದಾಯಿಸದೆ ನಾನು ಅದರೊಳಗೆ ಕಾಲಿಡುವಂತಿಲ್ಲ, ಬಾಗಿಲಲ್ಲಿ ಟಾರ್ಚು ಹಿಡಿದು ನಿಲ್ಲಬೇಕು ಅಷ್ಟೇ. ಹದಿನೆಂಟು ತುಂಬಿಲ್ಲವಾದ್ದರಿಂದ ಪೋಷಕರ ಸಹಿ ಬೇಕು. ಮೇ ಹದಿನೈದರೊಳಗೆ ಕೊಡದಿದ್ದರೆ ಈ ವರ್ಷ ಹೋಯಿತು. ಅಜ್ಜನ ಮುಂದೆ ಹಿಡಿದೆ. "ನಲವತ್ತು ವರ್ಷ ಬಟ್ಟೆ ಹೊಲಿದಿದೀನಿ, ಒಬ್ಬರ ಅಳತೆ ಇನ್ನೊಬ್ಬರಿಗೆ ಹಾಕಿಲ್ಲ. ನಿಮ್ಮಮ್ಮನ ಸಹಿ ನಿಮ್ಮಮ್ಮನೇ ಹಾಕಬೇಕು" ಎಂದರು. ಅವರಿಗೂ ಶಾಲೆ ಬಿಟ್ಟ ವಿಷಯ ಗೊತ್ತಿತ್ತು. ಬಯ್ಯುವುದಾದರೆ ಇಬ್ಬರಿಗೂ ಹಂಚು.

'ಶಾಲೆ ಬಿಟ್ಟ ಕಾರಣ' ಎಂಬಲ್ಲಿ 'ಕೂರಲು ಆಗಲಿಲ್ಲ' ಎಂದು ಬರೆದಿದ್ದೇನೆ. ಮೇಸ್ತ್ರಿ "ಅನಾರೋಗ್ಯ ಅಂತ ಬರಿ, ಯಾರೂ ಕೇಳಲ್ಲ" ಎಂದರು. ನನಗೆ ಏನೂ ಆಗಿಲ್ಲವಲ್ಲ.

ಸರದಿ ಆಡಿದ್ದೇನೆ. ಪೆನ್‌ಡ್ರೈವ್ ಲಕೋಟೆಯ ಮೂಲೆಯಲ್ಲಿದೆ.

ಬುಗುರಿ


ಮಾರ್ಚ್ 14

ಅಮ್ಮಾ,

ಕಳೆದ ಶನಿವಾರ ಲಕೋಟೆಯಲ್ಲಿ ಪೆನ್‌ಡ್ರೈವ್ ಮಾತ್ರ ಇತ್ತು. ಲಕೋಟೆಯನ್ನು ತಲೆಕೆಳಗು ಮಾಡಿ ಜಾಡಿಸಿದೆ. ಅಜ್ಜ ಬೆಳಕಿಗೆ ಹಿಡಿದು ನೋಡಿದರು. ಫಾರಮ್ಮೂ ಇಲ್ಲ, ಒಂದಕ್ಷರವೂ ಇಲ್ಲ.

ಆಮೇಲೆ ಆಟ ತೆರೆದೆವು. ಉತ್ತರ ಅಲ್ಲಿತ್ತು.

ಎರಡು ವರ್ಷ ಗೋಡೆ ಕಟ್ಟುತ್ತಾ, ಕಾಲುವೆ ತೋಡುತ್ತಾ ಕೂತಿದ್ದ ನನ್ನ ತಾಯಿ ಇದೇ ಮೊದಲ ಸಲ ಕುದುರೆ ಬಿಟ್ಟಿದ್ದಾಳೆ. ಮೂರು ದಳ. ನನ್ನ 'ಹರಿದ ಚಪ್ಪಲಿ' ಊರಿನ ಕಣಜ ಬೂದಿ. ನಮ್ಮ ರಾಜಧಾನಿ 'ಅಜ್ಜನ ಕನ್ನಡಕ'ದಲ್ಲಿ ಜನ ಅರೆಹೊಟ್ಟೆ. ಅಜ್ಜ ತುಂಬ ಹೊತ್ತು ನೋಡಿ, "ಕೋಪ ಮೂಗಿನ ಮೇಲಿದೆ. ಆದ್ರೂ ಸರದಿ ತಪ್ಪಿಸಿಲ್ಲ ನೋಡು" ಎಂದರು. ನಾನೂ ಅದನ್ನೇ ನೋಡುತ್ತಿದ್ದೆ.

ನೀನು ಕೇಳಿಲ್ಲ. ಆದರೂ ನಿಜವಾದ ಟೈಮ್‌ಟೇಬಲ್ ಬರೆಯುತ್ತೇನೆ.

ಐದೂವರೆಗೆ ಏಳುತ್ತೇನೆ. ಸ್ನಾನದ ನೀರು ಒಲೆಯ ಮೇಲಿಟ್ಟರೆ ಕಾಯಲು ಏಳು ನಿಮಿಷ ಬೇಕು. ಅಷ್ಟೇ ನನ್ನ ಆಟದ ಸಮಯ. ಒಂದು ಸರದಿ ಪೂರ್ತಿ ಆಡಲು ಮುಕ್ಕಾಲು ಗಂಟೆ ಬೇಕಲ್ಲ, ಅದನ್ನು ಭಾನುವಾರದಿಂದ ಶುಕ್ರವಾರದವರೆಗೆ ಏಳೇಳು ನಿಮಿಷವಾಗಿ ಕತ್ತರಿಸಿದ್ದೇನೆ. ಭಾನುವಾರ ಬರೀ ನೋಡುವುದು. ಸೋಮವಾರ ಊರುಗಳು, ಮಂಗಳವಾರ ಹೊಲ ಮತ್ತು ರಸ್ತೆ, ಬುಧವಾರ ಹಡಗು, ಗುರುವಾರ ಸೈನ್ಯ. ಶುಕ್ರವಾರ, ಮಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟು ಉಳಿಸುವುದು. ಒಂದು ಸರದಿ ಅಂದರೆ ಆಟದಲ್ಲಿ ಐದು ವರ್ಷ. ನನ್ನ ಪ್ರಜೆಗಳು ಐದು ವರ್ಷ ಬಾಳುವುದು ಆರು ಕೊಡ ನೀರು ಕಾಯುವಷ್ಟು ಹೊತ್ತು. ಮುತ್ತಿಗೆಯ ಮಧ್ಯೆ ಅಜ್ಜ ಹೊಲಿಗೆ ಯಂತ್ರದ ಹಿಂದಿನಿಂದ "ನೀರು ಕುದೀತು ಮಹಾರಾಣಿ" ಎಂದು ಕೂಗುತ್ತಾರೆ. ಎಷ್ಟೋ ಯುದ್ಧಗಳು ಹಾಗೆಯೇ ನಿಂತಿವೆ.

ಏಳೂವರೆಗೆ ಮೇಸ್ತ್ರಿಯ ಶೆಡ್ಡು. ದಿನಕ್ಕೆ ಐದಾರು ಕಟ್ಟಡ. ಬಾಗಿಲು ಒರೆಸಿ ಎಣ್ಣೆ ಬಿಡುವುದು, ರೋಪಿನ ಎಳೆ ಎಣಿಸುವುದು, ಲಿಫ್ಟಿನಲ್ಲಿ ಸಿಕ್ಕಿಕೊಂಡು ಹೆದರಿದವರನ್ನು ಹೊರಗೆ ಕರೆತಂದಾಗ ನೀರು ಕೊಡುವುದು. ಮಂಗಳವಾರ, ಶುಕ್ರವಾರ ಸಂಜೆ ಮೇಸ್ತ್ರಿ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕರೆಂಟಿನ ಪಾಠ ಹೇಳುತ್ತಾರೆ. ಅದನ್ನು ನಿಂತೇ ಕೇಳಬಹುದು. ಮನೆ ಸೇರುವಾಗ ಏಳು. ಅಡುಗೆ, ಊಟ, ಅಜ್ಜನ ಕಣ್ಣಿಗೆ ಔಷಧಿ, ನಿದ್ದೆ.

ಕೆಲಸದ ಹೊತ್ತಲ್ಲಿ ಆಟವಿಲ್ಲ, ಮೇಸ್ತ್ರಿಯ ಕಟ್ಟಪ್ಪಣೆ. ಆದರೆ ಆಲೋಚನೆಗೆ ಬೀಗ ಹಾಕಲಾಗುವುದಿಲ್ಲ. ಹಿಂದಿನ ತಿಂಗಳು ಅವರು ಶಾಫ್ಟಿನೊಳಗಿಂದ ಸ್ಪ್ಯಾನರ್ ಕೇಳಿದರೆ ನಾನು ಟೇಪು ಕೊಟ್ಟೆ. "ಎಲ್ಲಿದೆ ನಿನ್ನ ತಲೆ?" ಅಂದರು. "ಆನೆಗಳನ್ನ ನದಿ ದಾಟಿಸ್ತಿದ್ದೆ" ಎಂದೆ. ಒಳಗಿನಿಂದ ಟೇಪು ವಾಪಸ್ ಬಂತು. ಆಮೇಲೆ, "ದಾಟಿದ ಮೇಲೆ ಹದಿಮೂರರ ಸ್ಪ್ಯಾನರ್ ಕೊಡು. ಇನ್ನೊಂದ್ಸಲ ಆನೆ ತಂದ್ರೆ ನೀನೂ ಆನೆ ಜೊತೆ ಹೊರಗಿರು." ಆವತ್ತಿನಿಂದ ಆನೆಗಳು ಶೆಡ್ಡಿನ ಬಾಗಿಲವರೆಗೆ ಮಾತ್ರ ಬರುತ್ತವೆ.

ಸಹಿ ಹಾಕು ಎಂದು ಇನ್ನೊಮ್ಮೆ ಕೇಳುವುದಿಲ್ಲ. ತಾರೀಕು ಮಾತ್ರ ನೆನಪಿಸುತ್ತೇನೆ: ಮೇ ಹದಿನೈದು.

ಅರೆಹೊಟ್ಟೆಯ ರಾಣಿ,
ಬುಗುರಿ


ಮಾರ್ಚ್ 21

ಬುಗುರಿಗೆ,

ಮೊದಲ ವಾರ ಬರೆಯಲು ಕೂತು ಮೂರು ಹಾಳೆ ಹರಿದೆ. ಬರೆದದ್ದೆಲ್ಲ ನನ್ನ ಹೈಸ್ಕೂಲ್ ಮೇಷ್ಟ್ರ ಮಾತಿನ ಹಾಗಿತ್ತು. ಕುದುರೆ ಬಿಡುವುದೇ ಸುಲಭವೆನಿಸಿತು.

ನಿನ್ನ ಎರಡನೇ ಪತ್ರವನ್ನು ಎಪ್ಪತ್ತೊಂದನೇ ಮೆಟ್ಟಿಲ ಮೇಲೆ ಕೂತು ಓದಿದೆ. 'ನೀರು ಕುದೀತು ಮಹಾರಾಣಿ' ಅಂತ ಓದುವಾಗ ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಹನ್ನೊಂದು ತಿಂಗಳು, ಬುಗುರಿ. ಪ್ರತಿ ಪತ್ರದಲ್ಲೂ "ಓದು ಹೇಗಿದೆ?" ಎಂದು ಕೇಳಿದ್ದೆ. ನೀನು "ನಡೀತಿದೆ" ಎಂದು ಬರೆದೆ. ಏನು ನಡೆಯುತ್ತಿತ್ತು? ಲಿಫ್ಟು.

ನನ್ನ ಅಪ್ಪನಿಗೆ ಬೇರೆಯಾಗಿ ಬೈದು ಬರೆಯುತ್ತೇನೆ, ಅವರ ಪಾಲು ಅವರಿಗೆ.

ಸಹಿ ಹಾಕಿಲ್ಲ. ನನ್ನ ಮಗಳು ಆಳದ ಗೂಡಿನಲ್ಲಿ, ತಲೆಯ ಮೇಲೆ ತೂಗುವ ಪೆಟ್ಟಿಗೆಯ ಕೆಳಗೆ ನಿಂತಿರುವುದು ಕಣ್ಣ ಮುಂದೆ ಬರುತ್ತದೆ. ನೀನು ಒಂದು ಕಡೆ ನಿಲ್ಲುವ ಕೂಸೇ ಅಲ್ಲ. ಸ್ಟೂಲಿನಿಂದ ಬಿದ್ದು ಹುಬ್ಬು ಹೊಲಿಸಿಕೊಂಡವಳು ನೀನೇ ಅಲ್ಲವೇ? ಆ ಹೊಲಿಗೆ ಹಾಕುವಾಗಲೂ ನೀನು ಸುಮ್ಮನೆ ಕೂರಲಿಲ್ಲ.

ಒಂದು ಪಂದ್ಯ ಕಟ್ಟೋಣ. ನಿನಗೆ ಇನ್ನು ಮೂರು ಸರದಿ. ಅಷ್ಟರಲ್ಲಿ ನನ್ನ 'ಪದವಿ' ಪಟ್ಟಣವನ್ನು ಗೆದ್ದರೆ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಜೂನ್‌ನಲ್ಲಿ ಬಾಯಿ ಮುಚ್ಚಿಕೊಂಡು ಶಾಲೆಗೆ. ಏನಂತೀಯ?

ಮಧ್ಯಾಹ್ನ ಹನ್ನೆರಡರ ಗಾಳಿಯ ಲೆಕ್ಕ ಬರೆದಾಯಿತು. ಮೂರರವರೆಗೆ ಬಿಡುವು. ಈಗ ಆಡಿ ಕಳಿಸುತ್ತೇನೆ.

ಅಮ್ಮ


ಮಾರ್ಚ್ 28

ಅಮ್ಮಾ,

ಪಂದ್ಯ ಬೇಡ.

ನಾನು ಗೆಲ್ಲಬಹುದು. ನನ್ನ ಹತ್ತಿರ ಹನ್ನೆರಡು ಆನೆ ಇವೆ, ನಿನಗೆ ಗೊತ್ತಿಲ್ಲ. ಈಗ ಗೊತ್ತಾಯಿತು. ಆದರೆ ಆನೆ ಗೆದ್ದಿತು ಎಂದು ನೀನು ಸಹಿ ಹಾಕಿದರೆ, ಪ್ರತಿ ದಿನ ನಾನು ಶಾಫ್ಟಿಗೆ ಇಳಿಯುವಾಗ ನಿನಗೆ ಆಗುವ ಭಯ ಹಾಗೇ ಇರುತ್ತದೆ. ಸೋತರೆ ನಾನು ಶಾಲೆಯಲ್ಲಿ ಕೂತು ಕಿಟಕಿ ನೋಡುತ್ತೇನೆ. ಎರಡರಲ್ಲೂ ಯಾರಿಗೂ ಲಾಭವಿಲ್ಲ.

ಇನ್ನೊಂದು ನಿಜ ಹೇಳುತ್ತೇನೆ. ನಿನ್ನ ಊರುಗಳ ಹೆಸರು ನೋಡು: 'ಹಾಜರಾತಿ', 'ಮೊದಲ ದರ್ಜೆ', 'ಪದವಿ', 'ಘಟಿಕೋತ್ಸವ'. ನನ್ನ ಊರುಗಳ ಹೆಸರು ನೋಡು: ಹರಿದ ಚಪ್ಪಲಿ, ಅಜ್ಜನ ಕನ್ನಡಕ, ತೂತು ಬಕೆಟ್. ಎದುರಿಗೆ ಕಂಡದ್ದಕ್ಕೆ ನಾನು ಹೆಸರಿಟ್ಟೆ, ನೀನು ಬೇಕಾದದ್ದಕ್ಕೆ ಇಟ್ಟೆ. ಶಾಲೆ ಬಿಟ್ಟಾಗಿನಿಂದ ನನ್ನ ಸೈನ್ಯ 'ಹಾಜರಾತಿ'ಯ ಗೋಡೆಯವರೆಗೆ ಹೋಗಿ ವಾಪಸ್ ಬರುತ್ತಿದೆ. ಅಜ್ಜ ನನ್ನನ್ನು ಹೇಡಿ ಎಂದರು. ನಿಜವಾಗಿ ಶಾಲೆಗೆ ಹೋಗದವಳು ಆಟದಲ್ಲಿ 'ಹಾಜರಾತಿ'ಯನ್ನು ಸುಟ್ಟರೆ ಮುಖ ಎಲ್ಲಿಡಲಿ?

ಇರಲಿ. ನನಗೊಂದು ಪ್ರಶ್ನೆ. ನೀನು ಎಪ್ಪತ್ತೊಂದನೇ ಮೆಟ್ಟಿಲ ಮೇಲೆ ಏಕೆ ಕೂತಿದ್ದೆ? ದೋಣಿಕಟ್ಟೆಯಿಂದ ಮೇಲಿನ ಕೇಂದ್ರಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು ಎಂದು ನಿನ್ನ ಮೊದಲ ಪತ್ರದಲ್ಲೇ ಬರೆದಿದ್ದೆ. ಸಾಮಾನು, ಟಪಾಲು ಎಲ್ಲಾ ಹಳಿಯ ಮೇಲಿನ ಎಳೆಪೆಟ್ಟಿಗೆಯಲ್ಲಿ ಮೇಲೆ ಬರುತ್ತದೆ, 'ನಾನು ಗುಂಡಿ ಒತ್ತಿ ನಿಂತಿರುತ್ತೇನೆ' ಎಂದೂ ನೀನೇ ಬರೆದಿದ್ದೆ. ಟಪಾಲು ಮೇಲೆ ಬರುವುದಾದರೆ ನೀನು ಮೆಟ್ಟಿಲ ಮಧ್ಯೆ ಏನು ಮಾಡುತ್ತಿದ್ದೆ?

ಬುಗುರಿ


ಏಪ್ರಿಲ್ 4

ಮಗಳೇ,

ಸಿಕ್ಕಿಬಿದ್ದೆ.

ನನ್ನ ಟೈಮ್‌ಟೇಬಲ್ಲೂ ಸುಳ್ಳು. 'ಶನಿವಾರ ಮಧ್ಯಾಹ್ನ ವಿಶ್ರಾಂತಿ' ಎಂದು ಬರೆದಿದ್ದೆನಲ್ಲ, ಆ ಹೊತ್ತಿನಲ್ಲಿ ಸಾಮಾನು ಹೊರುತ್ತೇನೆ. ಎಳೆಪೆಟ್ಟಿಗೆ ಕೆಟ್ಟು ಹದಿನಾಲ್ಕು ತಿಂಗಳು. ದೋಣಿಯವನು ಕೆಳಗೆ ತುಂಬಿ ಗುಂಡಿ ಒತ್ತುತ್ತಾನೆ. ಎಪ್ಪತ್ತೊಂದನೇ ಮೆಟ್ಟಿಲವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮೇಲಿನ ನೂರ ನಲವತ್ತೊಂದು ಮೆಟ್ಟಿಲು ನನ್ನ ಪಾಲು. ಜೊತೆಯ ವೀಕ್ಷಕರಿಗೆ ನಿವೃತ್ತಿಗೆ ಎರಡೇ ವರ್ಷ, ಬೆನ್ನುನೋವು ಬೇರೆ. ಅವರ ಕೈಲಿ ಹೇಗೆ ಹೊರಿಸಲಿ?

ಕಚೇರಿಯವರು ಎರಡು ಸಲ ಮೋಟಾರು ಬದಲಿಸಿದರು. ಹೊಸ ಮೋಟಾರೂ ಅಲ್ಲಿಗೇ ಬಂದು ನಿಂತಿತು. ಮೂರನೆಯದಕ್ಕೆ ಅರ್ಜಿ ಹಾಕಿದ್ದೇವೆ.

ಮೊಣಕಾಲಿನ ಬಗ್ಗೆ ನೀನು ಕೇಳುವ ಮೊದಲೇ ಹೇಳುತ್ತೇನೆ: ಎಡಗಡೆಯದು ನೋಯುತ್ತದೆ, ಬಲಗಡೆಯದು ಅದನ್ನು ನೋಡಿ ನೋಯುತ್ತದೆ. ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಆ ಶನಿವಾರವೇ ದೋಣಿ ಹತ್ತಿ ಬರುತ್ತಿದ್ದೆ. ನಿನ್ನ ಓದು ಕೆಡುತ್ತಿತ್ತು. ಈಗ ಈ ಸಾಲನ್ನು ಮತ್ತೆ ಓದಿದೆ. ನಗಬೇಡ.

ಪಂದ್ಯ ಬೇಡವೆಂದದ್ದು ಸರಿ. ಕೇಳಿದ ಕೂಡಲೇ ನನಗೂ ನಾಚಿಕೆಯಾಗಿತ್ತು. ಆನೆಗಳ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ಕಂದಕ ತೋಡಿದ್ದೇನೆ.

ಅಮ್ಮ


ಏಪ್ರಿಲ್ 11

ಅಮ್ಮಾ,

ನಿನ್ನ ಪತ್ರವನ್ನು ಮೇಸ್ತ್ರಿಗೆ ಓದಿ ಹೇಳಿದೆ. ಮೊಣಕಾಲಿನ ಭಾಗ ಬಿಟ್ಟೆ. ಅವರು ಬೀಡಿ ಹಚ್ಚಲು ಹೋದವರು ಕಡ್ಡಿ ಕೈಯಲ್ಲೇ ಹಿಡಿದು ಕೇಳಿದರು: "ಪ್ರತಿ ಸಲ ಎಪ್ಪತ್ತೊಂದೇನಾ? ಎಪ್ಪತ್ತು ಅಲ್ಲ, ಎಪ್ಪತ್ತೈದು ಅಲ್ಲ?" "ನಮ್ಮಮ್ಮ ಎಪ್ಪತ್ತೊಂದು ಅಂದ್ರೆ ಎಪ್ಪತ್ತೊಂದೇ" ಎಂದೆ. "ಹಾಗಾದ್ರೆ ಮೋಟಾರಿನ ತಪ್ಪಲ್ಲ. ಮೋಟಾರಿಗೆ ಜಾಗ ಗೊತ್ತಿರಲ್ಲ, ಸುತ್ತೋದು ಮಾತ್ರ ಗೊತ್ತು. ಆ ಜಾಗದಲ್ಲೇ ಏನೋ ಇದೆ. ಏನೇನು ನೋಡಬೇಕು ನೀನೇ ಬರಿ, ಆಮೇಲೆ ನೋಡ್ತೀನಿ."

ಬರೆದೆ. ಒಂದನ್ನೂ ತಿದ್ದದೆ ವಾಪಸ್ ಕೊಟ್ಟರು. ಹೀಗೆ ಮಾಡು:

ಮೊದಲ ಮಾತು, ಏನನ್ನೂ ಮುಟ್ಟಬೇಡ. ಶನಿವಾರ ದೋಣಿಯವನು ಗುಂಡಿ ಒತ್ತುವಾಗ ಎಪ್ಪತ್ತೊಂದನೇ ಮೆಟ್ಟಿಲ ಹತ್ತಿರ, ಹಳಿಯಿಂದ ನಾಲ್ಕು ಹೆಜ್ಜೆ ದೂರ ನಿಂತಿರು. ತುಂಬಿದ ಪೆಟ್ಟಿಗೆ ಎಲ್ಲಿ ನಿಲ್ಲುತ್ತದೆ, ಖಾಲಿಯದು ಎಲ್ಲಿ ನಿಲ್ಲುತ್ತದೆ, ಬರೆದುಕೋ. ನಿಂತ ಮೇಲೆ ಮೋಟಾರಿನ ಸದ್ದು ಪೂರ್ತಿ ನಿಲ್ಲುತ್ತದೋ, ಗುಂಯ್ ಅನ್ನುತ್ತಲೇ ಇರುತ್ತದೋ? ಬಿಸಿಯಾಗಿದೆಯೇ ಎಂದು ಮೋಟಾರನ್ನು ಮುಟ್ಟಬೇಡ, ಸುಟ್ಟ ವಾಸನೆ ಬಂದರೆ ಅಷ್ಟು ಬರೆ ಸಾಕು. ರೋಪು ಮುಟ್ಟಬೇಡ. ಪೆಟ್ಟಿಗೆಯ ಜೊತೆ ಒಂದು ಕಪ್ಪು ವೈರು ಜೋತು ಬರುತ್ತದಲ್ಲ, ನಿಂತ ಜಾಗದಲ್ಲಿ ಅದು ಸಡಿಲವಾಗಿದೆಯೋ ಬಿಗಿಯಾಗಿದೆಯೋ, ಎಲ್ಲಾದರೂ ಸಿಕ್ಕಿಕೊಂಡಿದೆಯೋ? ಅದನ್ನಂತೂ ಮುಟ್ಟಬೇಡ. ನಿಂತ ಪೆಟ್ಟಿಗೆಯ ಕೆಳಗೆ ಬಗ್ಗಬೇಡ. ಸಾಮಾನು ಇಳಿಸುವ ಮೊದಲು ಕೆಳಗೆ ದೋಣಿಯವನಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿಸು. ಆಫ್ ಆಗಿದೆಯಲ್ಲ ಎಂದುಕೊಂಡು ಬೇರೆ ಏನನ್ನೂ ಮುಟ್ಟಬೇಡ.

ಕಂದಕ ನೋಡಿದೆ. ಆನೆಗಳು ದಡದಲ್ಲಿ ಕೂತು ಯೋಚಿಸುತ್ತಿವೆ.

ಅಜ್ಜ ಒಂದು ಚೀಟಿ ಸೇರಿಸು ಎಂದಿದ್ದಾರೆ.

ಬುಗುರಿ

ಚೀಟಿ:
ಮಗಳೇ, ನಿನ್ನ ಬೈಗುಳದ ಪತ್ರ ಬಂತು, ಅಳತೆ ಸರಿಯಾಗಿದೆ. ನೀನು ಹದಿನೆಂಟಕ್ಕೆ ಹವಾಮಾನದ ಕೆಲಸಕ್ಕೆ ಸೇರ್ತೀನಿ ಅಂದಾಗ ನಾನೂ ಒಂದು ತಿಂಗಳು ಮಾತಾಡಿರಲಿಲ್ಲ. ನೆನಪಿದೆಯಾ? ನನಗೆ ಕುದುರೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. — ಅಪ್ಪ


ಏಪ್ರಿಲ್ 18

ಬುಗುರಿಗೆ,

ವೀಕ್ಷಣಾ ವರದಿ. ಏಪ್ರಿಲ್ 12, ಮಧ್ಯಾಹ್ನ 1.10ರಿಂದ 1.50. ಗಾಳಿ ಸಾಧಾರಣ, ಹಳಿ ಒಣಗಿದೆ.

ತುಂಬಿದ ಪೆಟ್ಟಿಗೆ ಎರಡು ಸಲ, ಖಾಲಿ ಮೂರು ಸಲ. ಐದು ಸಲವೂ ಎಪ್ಪತ್ತೊಂದು. ನಾಲ್ಕನೇ ಸಲ ಅರ್ಧ ಮೆಟ್ಟಿಲು ಮುಂದೆ ಹೋದಂತೆ ಕಂಡಿತು, ಖಚಿತವಿಲ್ಲ. ನಿಂತ ಕ್ಷಣವೇ ಮೋಟಾರು ಪೂರ್ತಿ ಸ್ತಬ್ಧ. ವಾಸನೆ ಇಲ್ಲ. ಕಪ್ಪು ವೈರು ಕೆಳಗಿನಿಂದ ಸಡಿಲವಾಗಿ ಬಂದು, ಅರುವತ್ತೆಂಟರ ಹತ್ತಿರ ಹಳಿಯ ಒಂದು ಕಬ್ಬಿಣದ ಕೊಕ್ಕೆಗೆ ಸಿಕ್ಕಿ, ಎಪ್ಪತ್ತೊಂದಕ್ಕೆ ಬರುವಾಗ ತಂತಿಯ ಹಾಗೆ ಬಿಗಿಯುತ್ತದೆ. ಕೊಕ್ಕೆ ಬಾಗಿದೆ. ವೈರಿನ ಮೇಲೆ ಅಲ್ಲಿ ಬಿಳಿ ಗೀರು. ಪೆಟ್ಟಿಗೆ ಇಳಿಯುವಾಗ ತಾನೇ ಬಿಡಿಸಿಕೊಳ್ಳುತ್ತದೆ.

ಹದಿನಾಲ್ಕು ತಿಂಗಳು ಪ್ರತಿ ವಾರ ಅದರ ಪಕ್ಕದಲ್ಲೇ ಕೂತಿದ್ದೇನೆ. ದಿನಕ್ಕೆ ಎಂಟು ಸಲ ಆಕಾಶ ನೋಡಿ ಬರೆಯುವವಳು, ಕಾಲ ಬುಡದಲ್ಲಿದ್ದದ್ದನ್ನು ನೋಡಲಿಲ್ಲ.

ಏನನ್ನೂ ಮುಟ್ಟಿಲ್ಲ.

ಫಾರಂ ನನ್ನ ಮೇಜಿನ ಮೇಲಿದೆ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಟ್ಟಿದ್ದೇನೆ. ಅಷ್ಟು ಹೇಳಬಲ್ಲೆ. ಅಪ್ಪನ ಚೀಟಿಯೂ ಅದೇ ಕಲ್ಲಿನ ಕೆಳಗಿದೆ.

ಅಮ್ಮ


ಏಪ್ರಿಲ್ 25

ಅಮ್ಮಾ,

ನಿನ್ನ ವರದಿಯನ್ನು ಮೇಸ್ತ್ರಿ ಎರಡು ಸಲ ಓದಿಸಿದರು. ಆಮೇಲೆ ಶೆಡ್ಡಿನಲ್ಲಿದ್ದ ಇಬ್ಬರು ಹಳೆಯ ಕೆಲಸಗಾರರನ್ನು ಕರೆದು, "ಕೇಳ್ರೋ, ಕಂಪ್ಲೇಂಟ್ ಅಂದ್ರೆ ಇದು. ನೀವು ಬರೀತೀರಲ್ಲ, 'ಲಿಫ್ಟ್ ಓಡ್ತಿಲ್ಲ' ಅಂತ" ಎಂದರು. ಅವರಿಬ್ಬರೂ ಅಂದಿನಿಂದ ನನ್ನನ್ನು 'ಖಚಿತವಿಲ್ಲ' ಎಂದು ಕರೆಯುತ್ತಿದ್ದಾರೆ.

ನಮ್ಮ ಅಂದಾಜು ಇದು. ಎಳೆದು ಎಳೆದು ಕಪ್ಪು ವೈರಿನೊಳಗಿನ ಒಂದು ಎಳೆ ತುಂಡಾಗಿದೆ. ಸಡಿಲವಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಗಿದಾಗ ಅಗಲುತ್ತವೆ. ಅಗಲಿದ ಕೂಡಲೇ ಏನೋ ಅಪಾಯ ಎಂದು ಯಂತ್ರ ತಾನೇ ನಿಲ್ಲುತ್ತದೆ. ಅಂದರೆ ಹದಿನಾಲ್ಕು ತಿಂಗಳಿಂದ ಅದು ಕೆಟ್ಟು ನಿಂತಿಲ್ಲ, ನಿಯತ್ತಾಗಿ ನಿಂತಿದೆ. ಹೊಸ ವೈರು, ಹೊಸ ಕೊಕ್ಕೆ, ಆಮೇಲೆ ಇಡೀ ಹಳಿಯ ಪರೀಕ್ಷೆ. ಒಂದು ವಾರದ ಕೆಲಸ.

ನಿನ್ನ ವರದಿ ಹಿಡಿದು ದಡದ ಕಚೇರಿಗೆ ಹೋದೆವು. ಅಲ್ಲಿನ ಸಾಹೇಬರು ಮೂರನೇ ಮೋಟಾರಿನ ಕಡತ ಮುಚ್ಚಿ, "ಯಾರು ಹೋಗ್ತೀರಿ?" ಎಂದರು. ಮೇಸ್ತ್ರಿ, "ನಾನು ಮತ್ತೆ ಒಬ್ಬರು" ಎಂದರು. ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ನಾನೇ ಕೇಳಿದೆ. "ನೋಂದಣಿ ಆದ್ರೆ ನೀನು. ಆಗಿಲ್ಲ ಅಂದ್ರೆ ಬೇರೆಯವರು. ಟಾರ್ಚ್ ಹಿಡಿಯೋಕೆ ಅಷ್ಟು ದೂರ ಯಾರನ್ನೂ ಕರ್ಕೊಂಡು ಹೋಗಲ್ಲ" ಎಂದರು.

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ಬೆಳಿಗ್ಗೆ ಯೋಚಿಸಿದೆ. ಎರಡು ಸಲವೂ ನೀರು ಉಕ್ಕಿತು. ಬರೆಯದಿದ್ದರೆ ಮತ್ತೆ ಮುಚ್ಚಿಟ್ಟಂತೆ. ಬರೆದರೆ ನಿನ್ನ ಮೊಣಕಾಲು ತೋರಿಸಿ ಸಹಿ ಕೇಳಿದಂತೆ. ಆದ್ದರಿಂದ ಎರಡನ್ನೂ ಹೇಳುತ್ತೇನೆ: ನೀನು ಸಹಿ ಹಾಕದಿದ್ದರೂ ಎಳೆಪೆಟ್ಟಿಗೆ ಸರಿಯಾಗುತ್ತದೆ. ನನ್ನ ಜಾಗಕ್ಕೆ ಬರುವವರು ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ನಾನು ಬರುವುದು ನನಗೆ ಬೇಕಾಗಿ ಮಾತ್ರ.

ಈ ಸಲ ಸೈನ್ಯ ಕದಲಿಸಿಲ್ಲ. ಮನಸ್ಸಿಲ್ಲ.

ಬುಗುರಿ


ಮೇ 2

ನನ್ನ ಬುಗುರಿ,

ನಿನ್ನ ಹನ್ನೊಂದನೇ ತಾರೀಕಿನ ಪತ್ರ ತೆಗೆದು ಎಣಿಸಿದೆ. ಐದು ಸಲ 'ಮುಟ್ಟಬೇಡ', ಒಂದು ಸಲ 'ಬಗ್ಗಬೇಡ'. ಹಳಿಯಿಂದ ನಾಲ್ಕು ಹೆಜ್ಜೆ. ಮೊದಲು ಸ್ವಿಚ್, ಆಮೇಲೆ ಸಾಮಾನು. ಇಷ್ಟು ವರ್ಷ ಈ ಮಾತುಗಳನ್ನು ನಾನು ನಿನಗೆ ಹೇಳಿದ್ದೆ, ಒಲೆಯ ಹತ್ತಿರ, ರಸ್ತೆಯಲ್ಲಿ, ಸ್ಟೂಲಿನ ಮೇಲೆ. ನೀನು ಕೇಳಿಸಿಕೊಳ್ಳುತ್ತಿದ್ದೀಯ ಎಂದು ಗೊತ್ತಿರಲಿಲ್ಲ. ಈಗ ನೀನೇ ನನಗೆ ಹೇಳಿದೆ, ನಾನು ಕೇಳಿದೆ. ಹಳಿಯ ಪಕ್ಕ ನಾಲ್ಕು ಹೆಜ್ಜೆ ಆಚೆ ನಿಂತಿದ್ದಾಗ ಅನ್ನಿಸಿತು, ಇವಳು ಎಲ್ಲಿ ಕಾಲಿಡಬೇಕು ಎಂದು ಬಲ್ಲವಳು.

ಫಾರಂ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. ಏಪ್ರಿಲ್ 18ಕ್ಕೇ ಹಾಕಿದ್ದೆ. ತಾರೀಕು ನೋಡು. ಕಳಿಸಲು ಇನ್ನೊಂದು ಪತ್ರ ಬೇಕಾಯಿತು, ಅಷ್ಟೇ. ಮೊಣಕಾಲು ತೋರಿಸಿ ಕೇಳಿದೆನೋ ಎಂದು ಕೊರಗಬೇಡ.

'ಶಾಲೆ ಬಿಟ್ಟ ಕಾರಣ: ಕೂರಲು ಆಗಲಿಲ್ಲ.' ಅದರ ಕೆಳಗೆ ಸ್ವಲ್ಪ ಜಾಗವಿತ್ತು. ನಾನೊಂದು ಸಾಲು ಸೇರಿಸಿದ್ದೇನೆ: 'ಹೇಳಿದ ಕಡೆ ನಿಲ್ಲಲು ಬರುತ್ತದೆ. — ತಾಯಿ.'

ಊರುಗಳ ಹೆಸರು ಮಾತ್ರ ಬದಲಾಯಿಸುವುದಿಲ್ಲ. ಆಸೆ ನನ್ನದು, ಊರೂ ನನ್ನದು. ಈಗ ನಿನಗೆ ಮುಖ ಎಲ್ಲಿಡಲಿ ಎಂಬ ಚಿಂತೆಯೂ ಇಲ್ಲ. ತಾಕತ್ತಿದ್ದರೆ ಬಂದು ತಗೋ. ಕಂದಕ ಇನ್ನೂ ಆಳ ಮಾಡಿದ್ದೇನೆ.

ಅಮ್ಮ


ಮೇ 9, ಶುಕ್ರವಾರ

ಅಮ್ಮಾ,

ಸೋಮವಾರ ಫಾರಂ ಕೊಟ್ಟೆ. ಕಿಟಕಿಯ ಹಿಂದಿದ್ದ ಗುಮಾಸ್ತೆ ನಿನ್ನ ಸಾಲು ಓದಿ, "ಇದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲವಲ್ಲ" ಎಂದರು. "ಬರೆದಾಗಿದೆಯಲ್ಲ" ಎಂದೆ. ಠಸ್ಸೆ ಒತ್ತಿದರು. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ನನ್ನ ಸೊಂಟಕ್ಕೆ ಬೆಲ್ಟು ಬಿಗಿದು, ಮೂರು ಸಲ ಎಳೆದು ನೋಡಿ, "ಆನೆ ಎಲ್ಲಿ?" ಎಂದು ಕೇಳಿದರು. "ಶೆಡ್ಡಿನ ಹೊರಗೆ ಕಟ್ಟಿದೀನಿ" ಎಂದೆ. "ಬಾ ಹಾಗಾದ್ರೆ." ಒಳಗೆ ಕಾಲಿಟ್ಟೆ. ತಣ್ಣಗಿತ್ತು, ಎಣ್ಣೆಯ ವಾಸನೆ ಇತ್ತು, ಮೇಲೆ ನೋಡಿದರೆ ಹನ್ನೊಂದು ಮಹಡಿಯ ಎತ್ತರಕ್ಕೆ ಎರಡು ಹಳಿ ನೆಟ್ಟಗೆ. ಹೇಳಿದ ಕಡೆ ನಿಂತಿದ್ದೆ.

ಈಗ ಯುದ್ಧದ ಸುದ್ದಿ. ನಿನ್ನ ಕಂದಕ ಪಶ್ಚಿಮಕ್ಕೆ ಆಳ, ಉತ್ತರಕ್ಕೆ ಇಲ್ಲವೇ ಇಲ್ಲ. ನಾನು ಆನೆಗಳ ವಿಷಯ ಹೇಳಿದ್ದೆ, ಹಡಗಿನ ವಿಷಯ ಹೇಳಿರಲಿಲ್ಲ, ನೀನೂ ಕೇಳಲಿಲ್ಲ. ಬುಧವಾರದ ಏಳು ನಿಮಿಷದಲ್ಲಿ ಹನ್ನೆರಡು ಆನೆ ಹಡಗು ಹತ್ತಿದವು, ಗುರುವಾರದ ಏಳು ನಿಮಿಷದಲ್ಲಿ ಇಳಿದವು. ಅಜ್ಜ ಒಲೆ ಸಣ್ಣ ಮಾಡಿ ಬಂದು ಪಕ್ಕದಲ್ಲಿ ನಿಂತರು, "ನೀರು ಕುದ್ರೆ ಕುದೀಲಿ" ಎಂದರು. 'ಪದವಿ' ನನ್ನ ಕೈಗೆ ಬಂತು. ಊರಿನ ಹೆಸರು ಬದಲಾಯಿಸಬೇಕೇ ಎಂದು ಆಟ ಕೇಳಿತು. ಬೇಡ ಎಂದು ಒತ್ತಿದೆ. ಇರಲಿ, ನನ್ನ ರಾಜ್ಯದಲ್ಲೂ ಒಂದು ಇರಲಿ.

ಎರಡು ವರ್ಷದಲ್ಲಿ ಐವತ್ತೆರಡು ಸುತ್ತು ಆಡಿದ್ದೇವೆ. ಇನ್ನೂರ ನಲವತ್ತೆಂಟು ಉಳಿದಿವೆ. ಹೀಗೇ ಹೋದರೆ ಮುಗಿಯಲು ಒಂಬತ್ತೂವರೆ ವರ್ಷ. ನಿನ್ನ ಕೇಂದ್ರದಲ್ಲಿ ನಾವು ಏಳು ದಿನ ಇರುತ್ತೇವೆ. ಹಗಲು ಕೆಲಸ, ನಿನಗೆ ಮೂರು ಗಂಟೆಗೊಮ್ಮೆ ಗಾಳಿ. ಆದರೂ ಒಂದೇ ಮೇಜಿನ ಎದುರುಬದುರು ಕೂತರೆ ದಿನಕ್ಕೆ ಮೂರು ಸುತ್ತಾದರೂ ಆಗುತ್ತವೆ. ನೂರು ವರ್ಷ ದಾಟಿಸಬಹುದು. ಅಜ್ಜನ ಊಟ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ನಿನ್ನ ಮೊಣಕಾಲಿಗೆ ಅಜ್ಜ ಅಳತೆಯಿಲ್ಲದೆ ಅಂದಾಜಿನಲ್ಲಿ ಪಟ್ಟಿ ಹೊಲಿದಿದ್ದಾರೆ. ಎಡಗಾಲಿಗೆ ಒಂದು, ನೋಡಿ ನೋಯುವ ಬಲಗಾಲಿಗೆ ಒಂದು.

ಈ ಪತ್ರವೂ ನಾನೂ ಒಂದೇ ದೋಣಿಯಲ್ಲಿ ಬರುವವರು. ಮತ್ತೆ ಯಾಕೆ ಬರೆಯುತ್ತೀಯ ಎಂದು ಅಜ್ಜ ಕೇಳಿದರು. ಸರದಿ ಆಡಿದವರು ಪತ್ರ ಬರೆಯಬೇಕು, ಅದು ನಿಯಮ. ಟಪಾಲಿನ ಚೀಲ ಮೊದಲು ಇಳಿಯುತ್ತದೆ, ಜನ ಆಮೇಲೆ. ಆದ್ದರಿಂದ ನೀನು ಇದನ್ನು ಎಪ್ಪತ್ತೊಂದನೇ ಮೆಟ್ಟಿಲಲ್ಲಿ ಓದುವಾಗ ನಾನು ಕೆಳಗೆಲ್ಲೋ ಮೆಟ್ಟಿಲು ಹತ್ತುತ್ತಿರುತ್ತೇನೆ. ಇನ್ನೂ ಕೆಳಗೆ ಇಳಿದು ಬರಬೇಡ, ಅಲ್ಲೇ ಇರು.

ಹೊಸ ವೈರಿನ ಸುರುಳಿ ಬಾಗಿಲ ಹತ್ತಿರ ಇದೆ. ಪೆನ್‌ಡ್ರೈವ್ ಈ ಸಲ ಲಕೋಟೆಯಲ್ಲಿಲ್ಲ, ನನ್ನ ಜೇಬಿನಲ್ಲಿದೆ. ನಾಳೆ ಬೆಳಿಗ್ಗೆ ಆರೂವರೆಯ ದೋಣಿಗೆ ಮೇಸ್ತ್ರಿಯೂ ನಾನೂ ಹೊರಡುತ್ತೇವೆ.

ಬುಗುರಿ